ಉಚಿತ ವಾದ್ಯವೃಂದವೂ ನಮ್ಮ ಮದ್ದಳೆಯೂ

ಕೈಟಭೇಶ್ವರ ದೇಗುಲದ ಚಾಲುಕ್ಯಶೈಲಿಯ ಶಿಲ್ಪದಿಂದಲೂ, ಚಂದ್ರಹಾಸನ ಕುಂತಳನಗರವು ಇದೇ ಎಂಬ ಐತಿಹ್ಯದಿಂದಲೂ ಹೆಸರಾದ ಸೊರಬ ತಾಲ್ಲೂಕಿನ ಕುಬಟೂರಿನಂತಹ ಊರಿನಲ್ಲಿ, ಹಗಲೆಲ್ಲ ಗದ್ದೆಯಲ್ಲಿ ದುಡಿದು ಬಂದ ತರುಣನೊಬ್ಬನು ರಾತ್ರಿ ಜಗುಲಿಯ ಮೇಲೆ ಲ್ಯಾಪ್‌ಟಾಪನ್ನು ತೆರೆದು, ತಾನು ರಾಗ ಹಾಕಿದ ಭಾವಗೀತೆಗೆ ಲಂಡನ್ನಿನ ವಾದ್ಯವೃಂದದ ಪಿಟೀಲುಗಳನ್ನು ಪ್ಲಗಿನ್ ಎಂಬ ತಂತ್ರಾಂಶದ ನೆರವಿನಿಂದ ಹಿನ್ನೆಲೆಯಾಗಿ ಹೊಂದಿಸಬಹುದಾದ ಕಾಲವು ಬಂದಿದೆ; ಅದಕ್ಕಾಗಿ ಅವನು ಒಂದು ಕಾಸನ್ನೂ ತೆರಬೇಕಾಗಿಲ್ಲ. ಈ ಸೌಲಭ್ಯವನ್ನು ಕಂಡು ಮೂಗು ಮುರಿಯುವ ಸಂಗೀತಪ್ರಿಯರು ನಮ್ಮಲ್ಲಿ ಕೆಲವರಿದ್ದಾರೆ. ನಾನು ಅವರ ಪಕ್ಷದವನಲ್ಲ. ಆದರೆ ಈ ಉಚಿತ ಭಂಡಾರದಲ್ಲಿ ನಮ್ಮದೆನ್ನುವ ನಾದವು ಏಕೆ ವಿರಳವೆಂಬ ಪ್ರಶ್ನೆಯನ್ನು ಕೇಳದೆ ಇರಲಾರೆನು.

ಈ ಪ್ಲಗಿನ್‌ಗಳ ತಿರುಳು ಸರಳವಾದುದು. ನುರಿತ ವಾದಕರಿಂದ ವಾದ್ಯದ ಒಂದೊಂದು ಸ್ವರವನ್ನೂ ಮೆಲ್ಲಗೆ, ಹದವಾಗಿ, ಜೋರಾಗಿ ನುಡಿಸಿಸಿ, ಕಮಾನನ್ನು ದೀರ್ಘವಾಗಿ ಎಳೆದುದು, ತುಂಡಾಗಿ ತಡೆದುದು, ತಂತಿಯನ್ನು ಬೆರಳಿನಿಂದ ಮೀಟಿದುದು ಎಂದು ವಿಂಗಡಿಸಿ ಧ್ವನಿಮುದ್ರಿಸಿಕೊಳ್ಳುತ್ತಾರೆ. ಒಂದೇ ಮುದ್ರಣವು ಮರಳಿ ಮರಳಿ ಕೇಳಿಬಂದರೆ ಯಂತ್ರದ ಗುಟ್ಟು ಕಿವಿಗೆ ಹೊಳೆದುಬಿಡುವುದರಿಂದ, ಅದೇ ಸ್ವರದ ಹಲವು ಪ್ರತಿಗಳನ್ನಿರಿಸಿಕೊಂಡು ಸರದಿಯ ಮೇಲೆ ಬಳಸುತ್ತಾರೆ. ಕೀಬೋರ್ಡಿನ ಮೇಲೆ ಬೆರಳು ಬಿದ್ದ ರಭಸವನ್ನರಿತು ತಕ್ಕ ಮುದ್ರಣವನ್ನು ಆಯ್ದು ಕೇಳಿಸುವುದು ಪ್ಲಗಿನ್‌ನ ಕೆಲಸ. ಬಿಬಿಸಿ ಸಿಂಫನಿ ಆರ್ಕೆಸ್ಟ್ರಾವನ್ನು ಮೈಡಾ ವೇಲ್ ಸ್ಟುಡಿಯೋದಲ್ಲಿ ಮುದ್ರಿಸಿ ಸ್ಪಿಟ್‌ಫೈರ್ ಆಡಿಯೋ ಸಂಸ್ಥೆಯು ಹೊರತಂದ ಪೂರ್ಣ ಸಂಗ್ರಹವು ಸುಮಾರು 600 ಗಿಗಾಬೈಟುಗಳಷ್ಟು ಇದ್ದು, ಬೆಲೆಯೂ ಅದಕ್ಕೆ ತಕ್ಕಂತೆಯೇ ಇದ್ದಿತು. 2020ರಲ್ಲಿ ಬಂದ ಅದರ ಕಿರಿಯ, ಉಚಿತ ರೂಪವಾದ ಡಿಸ್ಕವರ್ ಸುಮಾರು 200 ಮೆಗಾಬೈಟುಗಳಲ್ಲಿ ಮುಗಿಯುವುದರಿಂದ ಮೊಬೈಲ್ ಡೇಟಾದಲ್ಲೇ ಇಳಿಸಿಕೊಳ್ಳಬಹುದು.

ಇಂತಹ ದಾನಗಳ ಪೈಕಿ ನಾನು ಎಲ್ಲಕ್ಕಿಂತ ಮಿಗಿಲಾದ ಕುತೂಹಲದಿಂದ ನೋಡುವುದು ಲಂಡನ್ನಿನ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾದ್ದು. ತನ್ನ ವಾದಕರು ನುಡಿಸಿದ ಸಹಸ್ರಾರು ಸ್ವರಗಳನ್ನು ಅದು ಲೋಕಕ್ಕೆ ಬಿಟ್ಟುಕೊಟ್ಟಿದೆ. ಅವುಗಳಿಂದ ಹಾಡು ಕಟ್ಟಿ ಮಾರಿಕೊಂಡರೂ ಅದರ ಆಕ್ಷೇಪವಿಲ್ಲ, ಆ ಸ್ವರಗಳನ್ನೇ ಇದ್ದಂತೆಯೇ ಮಾರಬಾರದು ಎಂಬುದಷ್ಟೆ ನಿಬಂಧನೆ. 1945ರಲ್ಲಿ ವಾಲ್ಟರ್ ಲೆಗ್ಗೆ ಸ್ಥಾಪಿಸಿದ ಈ ವೃಂದವು ಇನ್ನೂ ಎಳೆಯದಾಗಿದ್ದಾಗ ಅದಕ್ಕೆ ಆಸರೆಯಾದವರು ನಮ್ಮ ಮೈಸೂರಿನ ಜಯಚಾಮರಾಜ ಒಡೆಯರು. ಪಾಶ್ಚಾತ್ಯ ಸಂಗೀತದಲ್ಲಿಯೂ ಕರ್ನಾಟಕ ಸಂಗೀತದಲ್ಲಿಯೂ ಸಮಾನವಾದ ವ್ಯುತ್ಪತ್ತಿಯುಳ್ಳವರಾಗಿದ್ದ ಅವರು 1948ರಲ್ಲಿ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಪ್ರಥಮಾಧ್ಯಕ್ಷರಾದರು. ವರ್ಷಕ್ಕೆ 10,000 ಪೌಂಡುಗಳಂತೆ ಮೂರು ವರ್ಷಗಳ ನೆರವನ್ನು ಅವರು ನೀಡಿದರೆಂದು ಲೆಗ್ಗೆಯೇ ಹೇಳಿಕೊಂಡಿದ್ದಾನೆ. ರಷ್ಯದ ವಾಗ್ಗೇಯಕಾರ ಮೆಟ್ನರನ ಕೃತಿಗಳು ಧ್ವನಿಮುದ್ರಣಗೊಂಡುದು ಅವರ ಔದಾರ್ಯದಿಂದ. ಆತನು ತನ್ನ ಮೂರನೆಯ ಪಿಯಾನೋ ಕನ್ಸರ್ಟೋವನ್ನು ಮಹಾರಾಜರಿಗೇ ಅರ್ಪಿಸಿದನು. 1950ರ ಮೇ ತಿಂಗಳಲ್ಲಿ ರಿಚರ್ಡ್ ಸ್ಟ್ರೌಸನ ಕೊನೆಯ ನಾಲ್ಕು ಗೀತೆಗಳು ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಬಂದುದೂ ಅವರ ಧನಸಹಾಯದಿಂದಲೇ. ಸೊರಬ, ಶಿಕಾರಿಪುರಗಳು ಮೈಸೂರು ಸಂಸ್ಥಾನಕ್ಕೆ ಸೇರಿದ ಸೀಮೆಗಳಾಗಿದ್ದುದರಿಂದ, ಆ ಪೌಂಡುಗಳಲ್ಲಿ ನಮ್ಮ ಅಜ್ಜಂದಿರು ತೆತ್ತ ಕಂದಾಯದ ನಾಲ್ಕು ಕಾಸೂ ಇದ್ದೀತು. ಹೀಗಾಗಿ ಕುಬಟೂರಿನ ಹುಡುಗನು ಫಿಲ್ಹಾರ್ಮೋನಿಯಾದ ಸ್ವರವನ್ನು ಇಳಿಸಿಕೊಳ್ಳುವಾಗ ಸಂಕೋಚಪಡಬೇಕಾದುದಿಲ್ಲ!

ಇನ್ನು ಆಕ್ಷೇಪಗಳ ಮಾತು. ಪ್ಲಗಿನ್‌ಗಳು ವಾದಕರ ಅನ್ನವನ್ನು ಕಸಿಯುತ್ತವೆ ಎನ್ನುವರು. ಜಿ. ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್–ನಾಗೇಂದ್ರರಂತಹ ಚಲನಚಿತ್ರ ಸಂಗೀತ ನಿರ್ದೇಶಕರ ಕಾಲದಲ್ಲಿ ಮದರಾಸಿನ ಸ್ಟುಡಿಯೋಗಳಲ್ಲಿ ಸಾಲಾಗಿ ಕುಳಿತು ಪಿಟೀಲು ನುಡಿಸುತ್ತಿದ್ದವರ ವಿಷಯದಲ್ಲಿ ಈ ಮಾತು ಸತ್ಯವೇ ಸರಿ. ಆದರೆ ನಮ್ಮ ಹಳ್ಳಿಯಲ್ಲಿ ಚೆಲ್ಲೋ ನುಡಿಸುವವರು ಹಿಂದೆಯೂ ಇರಲಿಲ್ಲ, ಇಂದೂ ಇಲ್ಲ. ಇಲ್ಲದ ವಾದಕನ ಕೂಲಿಯನ್ನು ಯಾರೂ ಕಸಿಯಲಾರರು. ನನಗೆ ಹೆಚ್ಚು ಗಂಭೀರವಾಗಿ ತೋರುವ ದೋಷ ಬೇರೊಂದು. ಸಿದ್ಧಸ್ವರಗಳು ನಿಶ್ಚಿತವಾದ ಮೆಟ್ಟಿಲುಗಳ ಮೇಲೆ ನಿಂತಿರುತ್ತವೆ. ತೋಡಿಯ ಗಾಂಧಾರವು ಮೆಟ್ಟಿಲಿನ ಮೇಲೆ ನಿಲ್ಲುವ ಜಾತಿಯದಲ್ಲ. ಅದನ್ನು ಪಿಟೀಲಿನ ಸಿದ್ಧಮುದ್ರಣದಲ್ಲಿ ಹುಡುಕುವ ಹುಡುಗನು ಕೆಲದಿನ ಸೆಣಸಾಡಿ, ಕಡೆಗೆ ಪ್ಲಗಿನ್ ಒಪ್ಪುವ ರಾಗಗಳನ್ನೇ ಆರಿಸಿಕೊಳ್ಳತೊಡಗುತ್ತಾನೆ. ಯಾವ ಊರಿನ ದೇವರ ಮೇಲಣ ಹಾಡನ್ನು ಕೇಳಿದರೂ ಹಿಂದೆ ಅದೇ ಪಿಟೀಲುಗಳ ಅದೇ ಅಲೆ ಉಕ್ಕುತ್ತಿರುವುದಕ್ಕೆ ಕಾರಣವು ಇದೆಂದು ನನ್ನ ಅನುಮಾನ.

ಗಮಕಕ್ಕೆ ಒಲಿಯದ ಈ ವಿದ್ಯೆಯು ಚರ್ಮವಾದ್ಯಕ್ಕೆ ಬಹುಮಟ್ಟಿಗೆ ಒಲಿಯುತ್ತದೆ. ಪೆಟ್ಟು ಬಿದ್ದು ನಾದವು ಹೊಮ್ಮಿ ಅಡಗುವುದರಲ್ಲಿ ಪ್ರತಿಯೊಂದು ಘಾತವೂ ತನ್ನಷ್ಟಕ್ಕೆ ಪೂರ್ಣವಾದುದರಿಂದ ಅದನ್ನು ಬಿಡಿಬಿಡಿಯಾಗಿ ಸೆರೆಹಿಡಿಯಬಹುದು. ಅಂತಹ ವಾದ್ಯಗಳಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಅಲ್ಲಮಪ್ರಭು ಹರಿಹರನ ರಗಳೆಯಲ್ಲಿಯೂ ಚಾಮರಸನ ಪ್ರಭುಲಿಂಗಲೀಲೆಯಲ್ಲಿಯೂ ಮದ್ದಳೆಯ ವಾದಕನಾಗಿ ಕಾಣಿಸಿಕೊಳ್ಳುತ್ತಾನೆ. ಚಾಮರಸನು ಅವನನ್ನು ನೆರೆಯ ಬನವಾಸಿಯ ಮಧುಕೇಶ್ವರನ ಸನ್ನಿಧಿಯಲ್ಲಿ ನಿಲ್ಲಿಸಿ ಬಾರಿಸಿಸಿದ್ದಾನೆ. ಬಡಗುತಿಟ್ಟಿನ ಯಕ್ಷಗಾನದ ಮದ್ದಳೆ, ಚಂಡೆಗಳೂ, ಒಂದು ಪಕ್ಕಕ್ಕೆ ಕೋಲು ಇನ್ನೊಂದು ಪಕ್ಕಕ್ಕೆ ಅಂಗೈ ಬೀಳುವ ಡೊಳ್ಳೂ ಮಲೆನಾಡಿನ ಈ ಸೆರಗಿನಲ್ಲಿ ಇಂದಿಗೂ ಜೀವಂತವಾಗಿವೆ. ಹೀಗಿದ್ದೂ ಡೊಳ್ಳು ಬೇಕಾದಾಗ ನಮ್ಮ ಹುಡುಗನು ಪಾಶ್ಚಾತ್ಯ ವೃಂದದ ಟಿಂಪನಿಯನ್ನೋ ಬಾಸ್ ಡ್ರಮ್ಮನ್ನೋ ಹಾಕಿ ಸಮಾಧಾನಪಟ್ಟುಕೊಳ್ಳುತ್ತಾನೆ.

ನೆರೆಯ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ, ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯವಿದೆ, ಯಕ್ಷಗಾನಕ್ಕೆ ಪ್ರತ್ಯೇಕ ಅಕಾಡೆಮಿಯೇ ಇದೆ. ನಮ್ಮ ಚರ್ಮವಾದ್ಯಗಳನ್ನು ಹೀಗೆ ಮುದ್ರಿಸಿ ಉಚಿತವಾಗಿ ಹಂಚುವ ಕೆಲಸವನ್ನು ಇವುಗಳಲ್ಲೊಂದು ಕೈಗೆತ್ತಿಕೊಳ್ಳಲಿ ಎಂಬುದೇ ನನ್ನ ಅರಿಕೆ. ಅಮೆರಿಕದ ಐಯೋವ ವಿಶ್ವವಿದ್ಯಾಲಯವು 1997ರಿಂದಲೇ ತನ್ನ ವಾದ್ಯಮುದ್ರಣಗಳನ್ನು ನಿರ್ಬಂಧವಿಲ್ಲದೆ ಹಂಚುತ್ತಿರುವುದರಿಂದ ಮೇಲ್ಪಂಕ್ತಿಗೆ ಕೊರತೆಯಿಲ್ಲ. ಮದ್ದಳೆಯನ್ನು ಒಂದೇ ಶ್ರುತಿಯಲ್ಲಿ ಮುದ್ರಿಸಿ ಕೈತೊಳೆದುಕೊಳ್ಳಬಾರದು. ಭಾಗವತರು ಕಪ್ಪು ಎರಡಕ್ಕೆ ಹಾಡಿದರೊಂದು ಮದ್ದಳೆ, ಬಿಳಿ ಐದಕ್ಕೆ ಹಾಡಿದರೆ ಇನ್ನೊಂದು ಮದ್ದಳೆ ಬೇಕಾಗುವುದೆಂಬುದನ್ನು ಯಾವ ಮೇಳದ ಮದ್ದಳೆಗಾರನಾದರೂ ಹೇಳಿಯಾನು. ಕಂಪ್ಯೂಟರಿನಲ್ಲಿ ಶ್ರುತಿಯನ್ನು ಏರಿಸಿ ಇಳಿಸಿ ಹೊಂದಿಸಿದರೆ ಚರ್ಮದ ಬಿಗಿತವೇ ಸುಳ್ಳಾಗಿ ಕೇಳುತ್ತದೆ. ಇಲ್ಲಿ ಅನ್ನದ ಪ್ರಶ್ನೆಯೂ ಮತ್ತೆ ತಲೆಯೆತ್ತುತ್ತದೆ, ಏಕೆಂದರೆ ಚೆಲ್ಲೋವಾದಕನಂತೆ ಡೊಳ್ಳಿನವನು ನಮ್ಮೂರಿನಲ್ಲಿ ಇಲ್ಲದವನಲ್ಲ. ಅವನ ನಾದವು ಉಚಿತವಾಗಿ ದೊರೆತಂದು ಮೆರವಣಿಗೆಗೆ ಅವನನ್ನು ಕರೆಯದೆ ಧ್ವನಿವರ್ಧಕವನ್ನು ಹೊರುವವರು ಹುಟ್ಟಿಕೊಂಡಾರು. ಆದುದರಿಂದ ಕೇಳುವವನಿಗೆ ಉಚಿತವಾದುದು ನುಡಿಸುವವನಿಗೆ ಉಚಿತವಾಗಕೂಡದು: ಮುದ್ರಣಕ್ಕೆ ಕುಳಿತ ವಾದಕನಿಗೆ ವಿಶ್ವವಿದ್ಯಾಲಯವು ತಕ್ಕ ಸಂಭಾವನೆಯನ್ನು ಅಂದೇ ತೆತ್ತು, ಅವನ ಹೆಸರನ್ನೂ ಊರನ್ನೂ ಸಂಗ್ರಹದೊಡನೆಯೇ ದಾಖಲಿಸಿ, ಬಳಕೆಯ ನಿಬಂಧನೆಗಳನ್ನು ಅವನಿಗೆ ಓದಿ ಹೇಳಿ ಒಪ್ಪಿಗೆ ಪಡೆದ ಮೇಲೆಯೇ ಅದನ್ನು ಲೋಕಕ್ಕೆ ಬಿಡಬೇಕು.