ನಮ್ಮ ಕಾಗದಗಳು ಯಾರ ಮನೆಯಲ್ಲಿರಬೇಕು?

ಈ-ಮೇಲ್ ಬಂದಿತೆಂದು ನಾವು ಹೇಳುತ್ತೇವೆ. ವಾಸ್ತವವಾಗಿ ಅದು ನಮ್ಮಲ್ಲಿಗೆ ಬಂದಿರುವುದೇ ಇಲ್ಲ. ದೂರದ ಯಾವುದೋ ಸಂಸ್ಥೆಯ ಸರ್ವರಿನಲ್ಲಿ ಅದು ಬಿದ್ದಿರುತ್ತದೆ. ನಾವು ಇಣಿಕಿ ನೋಡಿ ಬರುತ್ತೇವೆ, ಅಷ್ಟೆ. ಆ ಸಂಸ್ಥೆಯು ಬಾಗಿಲು ಮುಚ್ಚಿದರೆ ಅಥವಾ ನಮ್ಮ ಖಾತೆಯನ್ನು ರದ್ದುಪಡಿಸಿದರೆ, ಹತ್ತು ವರ್ಷಗಳ ಕಾಗದಗಳು ಒಂದೇ ದಿನದಲ್ಲಿ ಕೈತಪ್ಪಬಹುದು. ಆದುದರಿಂದ ಅವುಗಳ ಒಂದು ಪ್ರತಿ ಮನೆಯ ಗಣಕಯಂತ್ರದಲ್ಲಿರತಕ್ಕದ್ದೆಂದೂ, ಅದನ್ನು ತರಿಸುವ ಏರ್ಪಾಡನ್ನು ವಿದ್ಯಾರ್ಥಿಗಳು ಒಮ್ಮೆಯಾದರೂ ಸ್ವಹಸ್ತದಿಂದ ಮಾಡಿನೋಡಬೇಕೆಂದೂ ನಮ್ಮ ಅಭಿಪ್ರಾಯ.

ಕಾಗದವನ್ನು ಸರ್ವರಿನಿಂದ ಸರ್ವರಿಗೆ ಸಾಗಿಸುವ ಎಸ್‌ಎಂಟಿಪಿ ಎಂಬ ನಿಯಮಾವಳಿ 1982ರಲ್ಲಿ ಪ್ರಕಟವಾಯಿತು. ಅದು ಚೆನ್ನಾಗಿ ನಡೆಯಬೇಕಾದರೆ ಪಡೆಯುವ ಯಂತ್ರವು ಸದಾ ಎಚ್ಚರವಾಗಿರಬೇಕು. ಮನೆಯ ಯಂತ್ರವಾದರೋ ರಾತ್ರಿ ನಿದ್ರಿಸುತ್ತದೆ! ಈ ತೊಡಕಿಗೆ ಪರಿಹಾರವಾಗಿ 1984ರಲ್ಲಿ ಪಾಪ್ ಎಂಬ ಇನ್ನೊಂದು ನಿಯಮಾವಳಿ ಹುಟ್ಟಿತು. ಇದರಲ್ಲಿ ಅಂಚೆಯವನು ಮನೆಗೆ ಬರುವುದಿಲ್ಲ. ಬಿಡುವಾದಾಗ ನಾವೇ ಅಂಚೆಕಚೇರಿಗೆ ಹೋಗಿ ನಮ್ಮ ಪೆಟ್ಟಿಗೆಯನ್ನು ತೆರೆದು ತರಬೇಕು.

ಹಾಗೆ ಹೋಗಿಬರುವ ಆಳೇ ಫೆಚ್‌ಮೇಲ್ ಎಂಬ ತಂತ್ರಾಂಶ. ದೂರದ ಯಂತ್ರವನ್ನು ಪದೇ ಪದೇ ಪ್ರವೇಶಿಸಿ ಅಂಚೆ ನೋಡುವುದರಿಂದ ಬೇಸತ್ತ ಅಮೆರಿಕದ ಎರಿಕ್ ರೇಮಂಡರು, ಕಾರ್ಲ್ ಹ್ಯಾರಿಸರ ಪಾಪ್‌ಕ್ಲೈಂಟನ್ನು ವಹಿಸಿಕೊಂಡು 1996ರಲ್ಲಿ ಅದನ್ನು ಈ ರೂಪಕ್ಕೆ ತಂದರು. ಬೇಸರವೂ ಒಮ್ಮೊಮ್ಮೆ ಉಪಕಾರಿ.

ಲಿನಕ್ಸ್ ಮೊದಲಾದ ಯುನಿಕ್ಸ್ ಬಗೆಯ ವ್ಯವಸ್ಥೆಗಳಲ್ಲಿ ಇದನ್ನು ಅಳವಡಿಸುವುದು ಕಷ್ಟವಲ್ಲ. ಸರ್ವರಿನ ಹೆಸರು, ನಿಯಮಾವಳಿ, ನಮ್ಮ ಹೆಸರು, ಗುಪ್ತಪದ, ಇಷ್ಟನ್ನು ಒಂದು ಚಿಕ್ಕ ಕಡತದಲ್ಲಿ ಬರೆದಿಟ್ಟರಾಯಿತು. ಆ ಕಡತವನ್ನು ಪರರು ಓದುವಂತಿದ್ದರೆ ಫೆಚ್‌ಮೇಲ್ ಕೆಲಸವನ್ನೇ ಮಾಡದು. ಹಠಮಾರಿಯೆಂದು ಬೈಯಬೇಡಿ, ಗುಪ್ತಪದವು ಬಯಲಿಗೆ ಬೀಳದಿರಲೆಂದೇ ಈ ಹಠ. 300 ಸೆಕೆಂಡುಗಳೆಂದು ನಮೂದಿಸಿದರೆ ಐದೈದು ನಿಮಿಷಕ್ಕೊಮ್ಮೆ ತಾನಾಗಿ ಹೋಗಿಬರುತ್ತದೆ. ತಂದುದನ್ನು ಅದು ತಾನೇ ಜೋಡಿಸಿಡುವುದಿಲ್ಲ. ಮನೆಯ ಯಂತ್ರದಲ್ಲಿನ ವಿತರಕ ತಂತ್ರಾಂಶಕ್ಕೆ ಒಪ್ಪಿಸುತ್ತದೆ. ಹೊಸಬರು ಎಡವುವುದು ಇಲ್ಲಿಯೇ. ವಿತರಕನ ಏರ್ಪಾಡು ತಪ್ಪಿದ್ದರೆ ಕಾಗದವು ಎಲ್ಲಿ ಹೋಯಿತೆಂದು ಹುಡುಕಬೇಕಾಗುತ್ತದೆ. ಇತ್ತ, ಒಪ್ಪಿಸಿಯಾಯಿತೆಂದು ಸರ್ವರಿನಲ್ಲಿದ್ದ ಮೂಲವನ್ನು ಫೆಚ್‌ಮೇಲ್ ಅಳಿಸಿಬಿಟ್ಟಿರುತ್ತದೆ. ಆದುದರಿಂದ ಮೂಲವನ್ನು ಉಳಿಸೆಂದು ಹೇಳುವ 'ಕೀಪ್' ಎಂಬ ಪದವನ್ನು ಆ ಕಡತದಲ್ಲಿ ಮೊದಲೇ ಸೇರಿಸತಕ್ಕದ್ದು.

ಮನೆಯ ಡಿಸ್ಕ್ ಕೆಟ್ಟರೇನು ಗತಿ ಎಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆಯೇ, ಅದಕ್ಕಾಗಿಯೇ ಸರ್ವರಿನ ಪ್ರತಿಯೂ ಇರಲಿ ಎನ್ನುತ್ತೇವೆ. ಆದರೆ ಕಾಗದ ತರುವ ದಾರಿ ದಿನೇ ದಿನೇ ಇಕ್ಕಟ್ಟಾಗುತ್ತಿರುವುದನ್ನೂ ಗಮನಿಸಬೇಕು. ಖಾತೆಯ ಸಾಮಾನ್ಯ ಗುಪ್ತಪದವೊಂದರಿಂದಲೇ ಇಂಥ ತಂತ್ರಾಂಶಗಳಿಗೆ ಪ್ರವೇಶ ಕೊಡುವುದನ್ನು ಗೂಗಲ್ ಸಂಸ್ಥೆಯು 2022ರಲ್ಲಿ ವೈಯಕ್ತಿಕ ಖಾತೆಗಳಿಗೆ ನಿಲ್ಲಿಸಿತು; ಪ್ರತ್ಯೇಕ ಗುಪ್ತಪದವನ್ನು ಪಡೆಯಬೇಕಾಯಿತು. ಕಳ್ಳರ ಕಾಟಕ್ಕೆ ಇದು ತಕ್ಕ ಕ್ರಮವೇ ಇರಬಹುದು. ಆದರೂ ದಾರಿ ತೆರೆದಿರುವಾಗಲೇ ಅದರಲ್ಲಿ ನಡೆದು ಅಭ್ಯಾಸವಾಗಿರುವುದು ಮೇಲು.

ಮೊದಲು ನಿಮಗೆ ನೀವೇ ಒಂದು ಕಾಗದ ಬರೆದು ತರಿಸಿರಿ. ಬಳಿಕ ಅಂತರ್ಜಾಲದ ಸಂಪರ್ಕವನ್ನು ಕಡಿದುಹಾಕಿ ಅದನ್ನು ತೆರೆದು ನೋಡಿರಿ.