ತಾಗಿದ್ದು ಆಡಿದವನಿಗೆ ಗೊತ್ತು

ರೈಡರ್ ಗೆರೆ ಮುಟ್ಟಿ ಬಂದಿದ್ದಾನೆ. ಮೂಲೆಯಲ್ಲಿದ್ದ ಹುಡುಗನ ತೋಳಿಗೆ ಅವನ ಬೆರಳು ತಾಗಿತೋ ಇಲ್ಲವೋ ಎಂಬುದೇ ತಂಟೆ. ಸೀಟಿ ಹಿಡಿದವರು ಆ ಬದಿಯಲ್ಲಿರಲಿಲ್ಲ. ‘ಹತ್ತ್ಯಾದ’ ಎಂದು ಒಂದು ಕಡೆಯವರು, ‘ಹತ್ತಿಲ್ಲ’ ಎಂದು ಇನ್ನೊಂದು ಕಡೆಯವರು. ನೋಡನೋಡುತ್ತಲೇ ಜನ ಹಗ್ಗ ದಾಟಿ ಅಂಕಣಕ್ಕೆ ನುಗ್ಗುತ್ತಾರೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಜಾತ್ರೆ, ಉರುಸು, ಪಂಚಮಿಯ ಹೊತ್ತಿಗೆ ನಡೆಯುವ ಕಬಡ್ಡಿ ಪಂದ್ಯಾವಳಿ ನೋಡಿದವರಿಗೆ ಇದು ಹೊಸದಲ್ಲ. ಸತ್ಯ ಗೊತ್ತಿರುವವನು ಆ ಮೂಲೆಯ ಹುಡುಗ. ಅವನ ತೋಳಿನ ಮೇಲೆ ಬೆರಳಿನ ಮಣ್ಣು ಇನ್ನೂ ಹಸಿಯಾಗಿದೆ. ಅವನು ಕೈ ಎತ್ತಿ ಹೊರಗೆ ನಡೆದರೆ ಜಗಳಕ್ಕೆ ಜಾಗವೇ ಇಲ್ಲ. ಆದರೆ ಅವನು ನಾಯಕನ ಮುಖ ನೋಡುತ್ತಾನೆ. ನಾಯಕ ಕಣ್ಣಲ್ಲೇ ಬೇಡ ಎನ್ನುತ್ತಾನೆ.

ಹವ್ಯಾಸಿ ಕ್ರೀಡೆಯ ಮರ್ಯಾದೆ ಉಳಿಯುವುದೂ ಹೋಗುವುದೂ ಆ ಒಂದು ಕ್ಷಣದಲ್ಲಿ.

ಹೊರದೇಶಗಳಲ್ಲಿ ಹವ್ಯಾಸಿ ಲೀಗ್‌ಗಳಾಗಿ ಬೆಳೆದಿರುವ ಡಾಡ್ಜ್‌ಬಾಲ್ ನಮ್ಮ ಲಗೋರಿಯ ಹತ್ತಿರದ ಆಟ. ಚೆಂಡು ನೆಲಕ್ಕೆ ಬೀಳುವ ಮೊದಲು ಮೈಗೆ ಬಡಿದರೆ ಔಟ್, ಹಿಡಿದರೆ ಎಸೆದವನೇ ಔಟ್. ಏಕಕಾಲಕ್ಕೆ ಹಲವು ಚೆಂಡುಗಳು ಹಾರಾಡುವ ಆಟದಲ್ಲಿ ಪ್ರತಿಯೊಂದು ಏಟನ್ನೂ ಯಾವ ಅಂಪೈರ್ ಕಂಡಾನು? ಹಾಗಾಗಿ ಬಡಿಸಿಕೊಂಡವನು ತಾನಾಗಿಯೇ ಹೊರನಡೆಯಬೇಕೆಂಬುದು ಅಲ್ಲಿನ ರಿವಾಜು. ಡಿಸ್ಕ್ ಎಸೆದು ಆಡುವ ಅಲ್ಟಿಮೇಟ್ ಆಟವಂತೂ ವಿಶ್ವ ಚಾಂಪಿಯನ್‌ಷಿಪ್‌ನಲ್ಲೂ ತೀರ್ಪುಗಾರರಿಲ್ಲದೆ ನಡೆಯುತ್ತದೆ. ತಪ್ಪನ್ನು ಆಟಗಾರರೇ ಹೇಳಿ, ಅವರೇ ತೀರ್ಮಾನಿಸುತ್ತಾರೆ. ಪಂದ್ಯ ಮುಗಿದ ಮೇಲೆ ಎದುರಾಳಿ ಹೇಗೆ ಆಡಿದರೆಂದು ಒಂದು ತಂಡ ಇನ್ನೊಂದಕ್ಕೆ ಅಂಕ ಕೊಡುತ್ತದೆ. ಓಣಿಯಲ್ಲಿ ಲಗೋರಿ ಆಡುವ ನಮ್ಮ ಮಕ್ಕಳಿಗೂ ಅಂಪೈರ್ ಇಲ್ಲ. ಬೆನ್ನಿಗೆ ಚೆಂಡು ಬಡಿಸಿಕೊಂಡು ಇಲ್ಲವೆಂದವನನ್ನು ಮರುದಿನ ಆಟಕ್ಕೆ ಕರೆಯುವುದಿಲ್ಲ, ಅಷ್ಟೇ. ಅದೇ ಹುಡುಗರು ದೊಡ್ಡವರಾಗಿ ಕಬಡ್ಡಿಗೆ ಇಳಿದಾಗ ಸುಳ್ಳನ್ನು ಜಾಣತನವೆಂದು ಕಲಿಸುವವರು ಯಾರು? ಅಂಕಣದ ಸುತ್ತ ನಿಂತ ನಾವೇ.

ಪೈಪೋಟಿ ಬೇಡವೆಂದು ನಾವು ಹೇಳುತ್ತಿಲ್ಲ. ಊರಿನ ಹೆಸರಿಗಾಗಿ ಆಡುವ ಹುರುಪಿಲ್ಲದಿದ್ದರೆ ಕಬಡ್ಡಿಗೆ ಜೀವವೇ ಇಲ್ಲ. ಆದರೆ ಈ ಮೂರು ತಾಲ್ಲೂಕುಗಳ ನಡುವೆ ಹಗೆಗೆ ಕಾರಣವೇನಿದೆ? 2017ರ ಬಜೆಟ್‌ನಲ್ಲಿ ಮಸ್ಕಿ ಹೊಸ ತಾಲ್ಲೂಕೆಂದು ಘೋಷಣೆಯಾಗುವ ತನಕ ಇಂದಿನ ಮಸ್ಕಿಯ ಅನೇಕ ಹಳ್ಳಿಗಳು ಲಿಂಗಸುಗೂರು, ಸಿಂಧನೂರುಗಳಲ್ಲೇ ಇದ್ದವು. ಶಾಲಾ ಕ್ರೀಡಾಕೂಟದಲ್ಲಿ ಒಂದೇ ತಾಲ್ಲೂಕಿನ ಅಂಗಿ ತೊಟ್ಟು ಆಡಿದವರು ಇಂದು ಎದುರಾಳಿಗಳು. ಹೆಣ್ಣು ಕೊಟ್ಟು ತಂದ ಊರುಗಳಿವು. ಗೆರೆಯ ಆಚೆ ನಿಂತವನು ಎಷ್ಟೋ ಸಲ ಸೋದರಮಾವನ ಮಗ.

ಕೇಡು ಬಂದಿರುವುದು ಬೇರೆ ದಾರಿಯಿಂದ. ನಗದು ಬಹುಮಾನ ಬೆಳೆದಂತೆ ಊರಿನ ಹೆಸರಲ್ಲಿ ಬಾಡಿಗೆ ಆಟಗಾರರು ಇಳಿಯುತ್ತಾರೆ, ಊರ ಹುಡುಗ ಬೆಂಚಿನ ಮೇಲೆ ಕೂರುತ್ತಾನೆ. ಸೀಟಿ ಸಂಘಟಕರ ಊರಿನವರ ಕೈಯಲ್ಲೇ ಇದ್ದರೆ ಸರಿಯಾದ ತೀರ್ಪೂ ಸಂಶಯಕ್ಕೆ ಬೀಳುತ್ತದೆ. ನಿಯಮದಂತೆ ಕಬಡ್ಡಿಗೆ ಒಬ್ಬ ರೆಫರಿ, ಇಬ್ಬರು ಅಂಪೈರ್, ಒಬ್ಬ ಸ್ಕೋರರ್, ಇಬ್ಬರು ಸಹಾಯಕ ಸ್ಕೋರರ್ ಬೇಕು. ಹಳ್ಳಿಯ ಪಂದ್ಯದಲ್ಲಿ ಆರೂ ಜನರ ಕೆಲಸವನ್ನು ಒಬ್ಬಿಬ್ಬರು ದೈಹಿಕ ಶಿಕ್ಷಕರು ಬಿಸಿಲಲ್ಲಿ ನಿಂತು ಮಾಡುತ್ತಾರೆ, ಬೈಗುಳ ತಿನ್ನುವವರೂ ಅವರೇ. ಪ್ರೊ ಕಬಡ್ಡಿಯಲ್ಲಿ ಸಂಶಯ ಬಂದರೆ ಕ್ಯಾಮೆರಾ ನೋಡಿ ಹೇಳುತ್ತಾರೆ. ನಮ್ಮ ಮಣ್ಣಿನ ಅಂಕಣಕ್ಕೆ ಕ್ಯಾಮೆರಾ ಬರುವುದಿಲ್ಲ. ಆಟಗಾರನ ಬಾಯಿಯೇ ಸಾಕ್ಷಿ.

ಮೂರು ತಾಲ್ಲೂಕಿರುವುದು ಒಂದು ಅನುಕೂಲವೂ ಹೌದು. ಸಿಂಧನೂರು, ಮಸ್ಕಿ ತಂಡಗಳು ಎದುರಾದರೆ ಲಿಂಗಸುಗೂರಿನವರು ಸೀಟಿ ಹಿಡಿಯಲಿ. ಲಿಂಗಸುಗೂರು ಆಡುವಾಗ ಮೂರನೆಯ ತಾಲ್ಲೂಕಿನವರು ಬರಲಿ. ಅವರ ಬಸ್ ಖರ್ಚು, ಊಟ, ಗೌರವಧನವನ್ನು ಬಹುಮಾನದ ಹಣದಿಂದಲೇ ಮೊದಲು ತೆಗೆದಿಡಿ. ಆಧಾರ್ ಕಾರ್ಡ್ ನೋಡಿ ಊರಿನವರನ್ನಷ್ಟೇ ಆಡಿಸಿ. ಉತ್ತಮ ರೈಡರ್, ಉತ್ತಮ ಕ್ಯಾಚರ್‌ಗೆ ಕೊಡುವಷ್ಟೇ ದೊಡ್ಡ ಕಪ್ಪನ್ನು, ಕೇಳುವ ಮೊದಲೇ ಕೈ ಎತ್ತಿ ಹೊರನಡೆದ ಆಟಗಾರನಿಗೂ ಇಡಿ. ಅವನ ಹೆಸರನ್ನು ಮೈಕಿನಲ್ಲಿ ಎರಡು ಸಲ ಕೂಗಿ.

ಈ ಹಂಗಾಮಿನ ಪಂದ್ಯಾವಳಿಗೆ ಪಟ್ಟಿ ಎತ್ತುತ್ತಿರುವ ಯುವಕ ಸಂಘಗಳು ಕರಪತ್ರ ಅಚ್ಚಿಗೆ ಕೊಡುವ ಮೊದಲೇ ಈ ನಿಯಮಗಳನ್ನು ಅದರಲ್ಲಿ ಸೇರಿಸಲಿ ಎಂದು ಕೇಳಿಕೊಳ್ಳುತ್ತೇವೆ.