ಒಟಿಪಿ ಗಲ್ಫಿನಲ್ಲಿ, ಉಮ್ಮ ಸಾಲಿನಲ್ಲಿ

ದೇವದುರ್ಗ ತಾಲೂಕಿನ ಗಬ್ಬೂರಿರಲಿ, ನಮ್ಮ ಉಳ್ಳಾಲವಿರಲಿ, ಸರ್ಕಾರಿ ಆಸ್ಪತ್ರೆಗೆ ಹೋದವರಿಗೆ ಈಗ ‘ಆಭಾ’ ನಂಬರಿನ ಮಾತು ಹೊಸದಲ್ಲ. 2021ರ ಸೆಪ್ಟೆಂಬರ್ 27ರಂದು ಚಾಲನೆಗೊಂಡ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ 14 ಅಂಕಿಯ ಗುರುತು ಇದು. ಹಳೇ ಚೀಟಿ, ರಕ್ತ ಪರೀಕ್ಷೆಯ ವರದಿ ಒಂದೇ ಕಡೆ ಸಿಕ್ಕರೆ ಶುಗರ್, ಬಿಪಿ ಇರುವ ಉಮ್ಮಂದಿರಿಗೆ ಅನುಕೂಲವೇ. ಆದರೆ ಆಧಾರ್‌ಗೆ ಜೋಡಿಸಿದ ಮೊಬೈಲ್ ಗಲ್ಫಿನಲ್ಲಿರುವ ಮಗನ ಕೈಯಲ್ಲಿದ್ದರೆ ಒಟಿಪಿ ಹೇಳುವವರು ಯಾರು?

ಆಭಾ ಮಾಡಿಸುವುದು ಕಡ್ಡಾಯವಲ್ಲ. 5 ಲಕ್ಷದ ಆಯುಷ್ಮಾನ್ ಕಾರ್ಡೇ ಬೇರೆ, ಇದೇ ಬೇರೆ. ಇಷ್ಟನ್ನು ಚೀಟಿ ಕೊಡುವ ಕಡೆ ಕನ್ನಡದಲ್ಲಿ ಬರೆದು ಹಾಕಲಿ, ನೆಟ್‌ವರ್ಕ್ ಕೈಕೊಟ್ಟ ದಿನ ಕಾಗದದ ಚೀಟಿಯೇ ನಡೆಯಲಿ ಎಂಬುದು ನಮ್ಮ ಬೇಡಿಕೆ. ಜಮಾಅತ್ ಕಮಿಟಿಗಳೂ ಒಂದು ಭಾನುವಾರ ಮದ್ರಸದಲ್ಲಿ ಕಲಿತ ಮಕ್ಕಳನ್ನು ಕೂರಿಸಿ ಹಿರಿಯರಿಗೆ ನೆರವಾಗಲಿ. ಯಾಕೆಂದು ಕೇಳದೆ ಒಟಿಪಿ ಮಾತ್ರ ಯಾರಿಗೂ ಹೇಳಬೇಡಿ.